ಹೋಳಿಗೆ ಇಲ್ಲದ ಕಟ್ಟಿನ ಸಾರು

ಮೊನ್ನೆ ಚಹಾ ಸೋಸುವ ಜರಡಿ ಕಾಣದೆ ಅಡುಗೆಮನೆಯ ಕಪಾಟಿನ ಕೆಳಗಿನ ಖಾನೆಗೆ ಕೈ ಹಾಕಿದೆ. ಜರಡಿ ಸಿಗಲಿಲ್ಲ, ಸಿಕ್ಕಿದ್ದು ಒಳಲೆ. ಕೂಸುಗಳಿಗೆ ಹಾಲು ಕುಡಿಸಲು ಮೂತಿಯಿರುವ ಪುಟ್ಟ ಬೆಳ್ಳಿ ಬಟ್ಟಲು ಇರುತ್ತದಲ್ಲ, ಅದು. ನಮ್ಮ ಮನೆಯಲ್ಲಿ ಅದನ್ನು ಕೊನೆಯ ಸಲ ಬಳಸಿದ ಕೂಸಿಗೆ ಅರವತ್ತೆರಡು ವರ್ಷ. ನನ್ನ ನೀಲಕ್ಕ. ಅದರಲ್ಲಿ ನಾನು ಅವಳಿಗೆ ಕುಡಿಸಲು ಹೋದದ್ದು ಹಾಲಲ್ಲ, ಸೂಪು. ನಾನು ಕುಡಿಸಿಯೇ ತೀರುತ್ತೇನೆ ಎಂದೆ, ಅವಳು ಕುಡಿಯುವುದಿಲ್ಲ ಎಂದಳು. ಇಬ್ಬರೂ ಒಂದೇ ತಾಯಿಯ ಹಾಲು ಕುಡಿದು ಬೆಳೆದವರು, ಹಟದಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ.

ಆ ಕತೆಗೆ ಬರುವ ಮೊದಲು ನನಗೂ ಸೂಪಿಗೂ ಇರುವ ಸಂಬಂಧವನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಐವತ್ತಾರರ ಗಂಡಸು ಊರೂರಿಂದ ಫ್ಲಾಸ್ಕಿನಲ್ಲಿ ಸೂಪು ಹೊತ್ತು ತಂದ ಎಂದರೆ ನೀವು ನಂಬುವುದಿಲ್ಲ.

ನಾನು ಬೀಜದ ವ್ಯಾಪಾರದವನು. ಕೊಪ್ಪಳದಲ್ಲಿ ಮನೆ, ಸಣ್ಣದೊಂದು ಅಂಗಡಿ. ಉಳಿದ ಹೊತ್ತು ಭತ್ತದ ಬೀಜ ಎಂದು ಗಂಗಾವತಿಗೆ, ಸಜ್ಜೆ ತೊಗರಿ ಎಂದು ಕುಷ್ಟಗಿಗೆ, ಕಡಲೆ ಜೋಳ ಎಂದು ಯಲಬುರ್ಗಾಕ್ಕೆ ತಿರುಗಾಟ. ತಿರುಗುವವನಿಗೆ ಊರುಗಳು ನೆನಪಿರುವುದು ಹೊಟ್ಟೆಯ ಲೆಕ್ಕದಲ್ಲಿ. ನಾಲ್ಕೂ ಊರುಗಳಲ್ಲಿ ಎಲ್ಲಿ ಎಂಥ ಸೂಪು ಸಿಗುತ್ತದೆ ಎಂದು ನನ್ನನ್ನು ಕೇಳಬೇಕು. ಕೊಪ್ಪಳದಲ್ಲಿ ನಾನು ಹೋಗುವ ಹೋಟೆಲಿನ ಟೊಮೆಟೊ ಸೂಪಿನ ಮೇಲೆ ನಾಲ್ಕು ಕರಿದ ಬ್ರೆಡ್ ಚೂರು ತೇಲುತ್ತವೆ. ಅವು ಮೆತ್ತಗಾಗುವ ಮೊದಲೇ ತಿಂದುಬಿಡಬೇಕು. ಗಂಗಾವತಿಯ ಮಂಚಾವ್ ಸೂಪಿಗೆ ಖಾರ ಜಾಸ್ತಿ, ಕಾಲುವೆ ಸೀಮೆಯ ಜನ ಮೆಣಸಿನಕಾಯಿಗೆ ಅಂಜುವವರಲ್ಲ. ಕುಷ್ಟಗಿಯ ಹೆದ್ದಾರಿ ಬದಿಯ ಡಾಬಾದಲ್ಲಿ ಸ್ವೀಟ್ ಕಾರ್ನ್ ಸೂಪು ಬಿಸಿಯಾಗಿರುತ್ತದೆ, ಅದರ ಗುಣ ಅಷ್ಟೇ. ಯಲಬುರ್ಗಾದ ಖಾನಾವಳಿಯೊಂದರಲ್ಲಿ ಒಮ್ಮೆ ಸೂಪು ಕೇಳಿದೆ. ಮಾಲೀಕರು ರೊಟ್ಟಿ ಎಣಿಸುತ್ತಿದ್ದವರು ತಲೆಯೆತ್ತಿ, "ಸೂಪ್ ಇಲ್ರಿ. ಬ್ಯಾಳಿ ಸಾರ್ ಐತಿ, ವಾಟಿ ತುಂಬ ಕೊಡ್ತೀನಿ. ಅದಕ್ಕ ನೀವ ಏನ್ ಬೇಕಾದ ಹೆಸರ ಇಟ್ಕೋರಿ" ಎಂದರು. ಕುಡಿದೆ. ನಾಲ್ಕು ಊರುಗಳಲ್ಲಿ ಅದೇ ಚಲೋ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಾನು ಮೊದಲ ಸೂಪು ಕುಡಿದದ್ದು ಗಂಗಾವತಿಯಲ್ಲಿ, ಮೀಸೆ ಇನ್ನೂ ಕರ್ರಗಿದ್ದ ಕಾಲದಲ್ಲಿ. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಊಟಕ್ಕೆ ಕರೆದುಕೊಂಡು ಹೋಗಿದ್ದರು. ಬಿಳಿ ಬಟ್ಟಲು ಬಂತು, ಅದರ ಕೆಳಗೆ ಬಿಳಿ ತಟ್ಟೆ, ಪಕ್ಕದಲ್ಲಿ ಮಣ್ಣು ತೋಡಲು ಬರುವಂಥ ಚಮಚ. ಒಳಗಿರುವುದು ಸಾರೇ ಎಂದು ನನಗೆ ಖಾತ್ರಿಯಾಯಿತು. ಮುಂದಿನದು ಬರಲಿ ಎಂದು ಕೈ ಕಟ್ಟಿ ಕಾದೆ. ಸಾಹುಕಾರರು ಅರ್ಧ ಕುಡಿದರು, ನಾನು ಇನ್ನೂ ಕಾಯುತ್ತಲೇ ಇದ್ದೆ. ಕಡೆಗೆ ಸಪ್ಲೈಯರನ್ನು ಕರೆದು, "ಅನ್ನ ಯಾವಾಗ ತರ್ತೀರಿ? ಸಾರ್ ಆರಾಕತ್ತೈತಿ" ಎಂದೆ.

"ಅದು ಅನ್ನಕ್ಕಲ್ಲ ಸಾರ್, ಹಂಗೇ ಕುಡ್ಯೋದು."

"ಹಂಗೇ ಕುಡ್ಯಾಕ ನನಗೇನ ಜ್ವರ ಬಂದಾವೇನು?"

ಸಾಹುಕಾರರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆದರೆ ನನ್ನ ಮಾತಿನಲ್ಲಿ ತಪ್ಪೇನಿತ್ತು ಹೇಳಿ. ನಮ್ಮ ಮನೆತನದಲ್ಲಿ ಬರೀ ತಿಳಿ ಕುಡಿಯುವವರೆಂದರೆ ಜ್ವರದವರು ಮತ್ತು ಬಾಣಂತಿಯರು. ಉಳಿದವರಿಗೆ ಸಾರು ಎನ್ನುವುದು ಖಡಕ್ ರೊಟ್ಟಿಯನ್ನು ದಾರಿಗೆ ತರುವ ಉಪಾಯ. ಅಂಥ ಮನೆಯಲ್ಲಿ ಹುಟ್ಟಿ ನಾನು ಸೂಪಿನ ಹುಚ್ಚನಾದೆ. ಹೆಂಡತಿ ಗಿರಿಜಾಳ ಜೊತೆ ಹೋದಾಗ ಒನ್ ಬೈ ಟೂ ಹೇಳಿ ಎರಡೂ ಬಟ್ಟಲನ್ನು ನಾನೇ ಮುಗಿಸುತ್ತೇನೆ. ಅವಳು ಅದನ್ನು ಬಿಸಿನೀರಿನ ಕಡೆಯ ಬೀಗರು ಎನ್ನುತ್ತಾಳೆ.

ಸುಳ್ಳು ಹೇಳಬಾರದು, ಹಂಗೇ ಕುಡಿಯುವ ರುಚಿ ನನಗೆ ಮೊದಲೇ ಹತ್ತಿತ್ತು. ನಮ್ಮ ಹುಟ್ಟೂರು ಅಳವಂಡಿಯಲ್ಲಿ ನಾವು ಚಿಕ್ಕವರಿದ್ದಾಗ ಉಳುಮೆಯ ದಿನಗಳಲ್ಲಿ ಎತ್ತುಗಳಿಗೆ ಹುರುಳಿ ಬೇಯಿಸುತ್ತಿದ್ದರು. ಬೆಂದ ಹುರುಳಿ ಎತ್ತಿಗೆ, ಬಸಿದ ನೀರು ಮನೆಗೆ. ಆ ನೀರಿಗೆ ಕಟ್ಟು ಎಂದು ಹೆಸರು. ಅವ್ವ ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡುವ ಮೊದಲೇ ನಾನು ಒಂದು ವಾಟಿ ಹೊಡೆಯುತ್ತಿದ್ದೆ. ಕಾವಲಿಗೆ ನೀಲಕ್ಕ ನಿಲ್ಲುತ್ತಿದ್ದಳು. ಕಾವಲಿನ ಕೂಲಿ ಅರ್ಧ ವಾಟಿ. ಅಪ್ಪ ಒಂದು ದಿನ ನನ್ನ ಹೊಟ್ಟೆ ನೋಡಿ, "ಎತ್ತ ಸೊರಗ್ಯಾವ, ಮಗ ಮಾತ್ರ ಮೈ ಹಿಡದಾನ" ಎಂದದ್ದು ನೆನಪಿದೆ.

ಅದು ಎತ್ತಿನ ಕಟ್ಟು. ಮನುಷ್ಯರ ಕಟ್ಟು ಬೇರೆ. ಹಬ್ಬದ ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿಯುತ್ತಾರಲ್ಲ, ಆ ನೀರು. ಬೇಳೆಗೆ ಬೆಲ್ಲ ಸೇರಿ ಹೂರಣವಾಗಿ ಹೋಳಿಗೆಯ ಒಳಗೆ ಹೋಗುತ್ತದೆ. ಹೊರಗುಳಿದ ಕಟ್ಟಿಗೆ ಹುಣಸೆಹುಳಿ, ಸುಟ್ಟ ಉಳ್ಳಾಗಡ್ಡಿ, ಕೊಬ್ಬರಿ, ಮಸಾಲೆ ಖಾರ ಬಿದ್ದು, ಕೊನೆಗೆ ಒಂದು ಉಂಡೆ ಹೂರಣವನ್ನೂ ಕದಡಿದರೆ ಕಟ್ಟಿನ ಸಾರು. ಹೋಳಿಗೆಗಾಗಿ ಹಬ್ಬ ಕಾಯುವವರಿದ್ದಾರೆ, ನಮ್ಮ ಮನೆಯಲ್ಲಿ ಎಲ್ಲರೂ ಸಾರಿಗಾಗಿ ಕಾಯುತ್ತಿದ್ದೆವು. ಆದರೂ ಸಾರು ಬೇಕೆಂದು ಯಾರೂ ಬೇಳೆ ಬಸಿದದ್ದಿಲ್ಲ. ಹೋಳಿಗೆ ಇದ್ದರೆ ಕಟ್ಟು, ಇಲ್ಲದಿದ್ದರೆ ಇಲ್ಲ. ಹೀಗೇಕೆ ಎಂದು ಕೇಳುವುದು ಯಾರಿಗೂ ಹೊಳೆದಿರಲಿಲ್ಲ.

ಈಗ ಅಕ್ಕನ ಕತೆಗೆ ಬರುತ್ತೇನೆ. ಹೋದ ವರ್ಷ ಯಲಬುರ್ಗಾದಲ್ಲಿ ಬಸ್ಸಿನಿಂದ ಇಳಿಯುವಾಗ ಅವಳ ಸೀರೆಯ ನಿರಿಗೆ ಕಾಲಿಗೆ ಸಿಕ್ಕಿತು. ಗದ್ದ ನೆಲಕ್ಕೆ ಬಡಿದು ದವಡೆ ಮುರಿಯಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದರು. ಆರು ವಾರ ಬಾಯಿ ತೆರೆಯುವಂತಿಲ್ಲ. ಏನಿದ್ದರೂ ತೆಳ್ಳಗೆ ಮಾಡಿ, ಕೆನ್ನೆಯ ಸಂದಿಯಿಂದ ಒಳಗೆ ಬಿಡಬೇಕು. ವಾರವಾರ ಡಾಕ್ಟರಿಗೆ ತೋರಿಸಬೇಕಿತ್ತು, ಮಗ ಸೊಸೆ ಯಲಬುರ್ಗಾದಿಂದ ಎಷ್ಟು ಸಲ ಓಡಾಡಿಯಾರು ಎಂದು ನಾನೇ ಅವಳನ್ನು ನಮ್ಮ ಮನೆಗೆ ಕರೆತಂದೆ. ಭಾವ ತೀರಿಕೊಂಡು ಆಗ ಐದು ತಿಂಗಳಾಗಿತ್ತು.

ಹಲ್ಲು ಬಿಗಿದರೂ ಅಕ್ಕನ ಮಾತು ನಿಲ್ಲಲಿಲ್ಲ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ, ಅಕ್ಕ ಬಾಯಿಗೆ ಬೀಗ ಬಿದ್ದ ಮೇಲೂ ಮನೆ ಆಳಿದಳು. ತುಟಿ ಅಲುಗಿಸದೆ ಹಲ್ಲಿನ ಸಂದಿಯಿಂದಲೇ ಕಸಬರಿಗೆ ಎಲ್ಲಿಡಬೇಕು, ಹಾಲಿನವನಿಗೆ ಏನು ಹೇಳಬೇಕು ಎಂದೆಲ್ಲ ಅಪ್ಪಣೆ ಹೊರಡುತ್ತಿತ್ತು. ಹೊರಗೆ ಬರಲು ದಾರಿಯಿತ್ತು, ಒಳಗೆ ಹೋಗಲು ಮಾತ್ರ ಇರಲಿಲ್ಲ. ಹಾಲು ಕೊಟ್ಟರೆ ಎರಡು ಗುಟುಕು. ಗಂಜಿ ಕೊಟ್ಟರೆ, "ಸಾಕು." ಗಿರಿಜಾ ನಮ್ಮ ಮಕ್ಕಳ ಒಳಲೆಯನ್ನು ತಿಕ್ಕಿ ತೊಳೆದು ಕೊಟ್ಟಳು. ಅದರ ಮೂತಿ ಕೆನ್ನೆಯ ಸಂದಿಗೆ ಅಳತೆ ಮಾಡಿಸಿದಂತೆ ಹೊಂದಿತು. ಹೊಂದಿದರೇನು, ಕುಡಿಯುವ ಮನಸ್ಸು ಬೇಕಲ್ಲ.

ಎರಡನೆಯ ವಾರ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಡಾಕ್ಟರಮ್ಮ ಮುಖ ಗಂಟಿಕ್ಕಿದರು. ಇನ್ನೂ ಸಣ್ಣ ವಯಸ್ಸಿನವರು, ಆದರೆ ಮಾತು ನೇರ. "ಅಮ್ಮಾ, ಮುಂದಿನ ವಾರನೂ ಹಿಂಗ ಇಳಿದ್ರ ಮೂಗಿನಾಗ ನಳಿಗಿ ಹಾಕಿ ಉಣಸಬೇಕಾಗತೈತಿ ನೋಡ್ರಿ. ಎಲುವು ಕೂಡಬೇಕಂದ್ರ ಹೊಟ್ಟಿಗೆ ಹೋಗಬೇಕು" ಎಂದರು. ಅಕ್ಕ ಗೋಡೆ ನೋಡುತ್ತಾ ಕೂತಿದ್ದಳು. ನಾನು ಮಾತ್ರ ಅಲ್ಲೇ ನಿರ್ಧಾರ ಮಾಡಿದೆ. ಒಂದು ವಾರ ಇದೆ, ಸೂಪಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಈ ಜಿಲ್ಲೆಯಲ್ಲಿಲ್ಲ, ಇವಳ ಮೂಗಿಗೆ ನಳಿಕೆ ಹಾಕಲು ನಾನು ಬಿಡುವುದಿಲ್ಲ.

ಅಂದೇ ಕೊಪ್ಪಳದ ಟೊಮೆಟೊ ಸೂಪು ಬಂತು, ಬ್ರೆಡ್ ಚೂರು ತೆಗೆದು. ಒಂದು ಗುಟುಕು ಕುಡಿದು ಅಕ್ಕ ಹಲ್ಲಿನ ಸಂದಿಯಿಂದ ತೀರ್ಪು ಕೊಟ್ಟಳು. "ಪಾನಕ ಮಾಡಾಕ ಹೋಗಿ ತಪ್ಪಿ ಇದನ್ನ ಮಾಡ್ಯಾರ." ಮರುದಿನ ಗಂಗಾವತಿಗೆ ಹೋದವನು ಮಂಚಾವ್ ಸೂಪನ್ನು ಸೋಸಿಸಿ ಫ್ಲಾಸ್ಕಿನಲ್ಲಿ ತಂದೆ. "ಖಾರ ಐತಿ, ಹುಳಿ ಐತಿ, ಉಪ್ಪ ಐತಿ. ಸಾರ್ ಒಂದ ಇಲ್ಲ." ಕುಷ್ಟಗಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಸ್ವೀಟ್ ಕಾರ್ನ್ ಸೂಪಿನ ಗತಿ ಇನ್ನೂ ಕೆಟ್ಟದ್ದು. ಅದನ್ನು ಅವಳು ಕುಡಿಯಲೂ ಇಲ್ಲ, ಬೆರಳಿಂದ ಮುಟ್ಟಿ ನೋಡಿದಳು. "ಇದು ಸೀರಿಗೆ ಹಾಕೋ ಗಂಜಿ ತಮ್ಮಾ. ನನ್ನ ಇಸ್ತ್ರಿ ಮಾಡಿಸ್ತೀ ಏನ?"

ಅಂಗೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡ ಹಾಗಾಯಿತು. ಆದರೂ ಬಿಡಲಿಲ್ಲ. ಕೊಪ್ಪಳದ ಹೋಟೆಲಿನ ಅಡುಗೆಯವರು, ದಿನಾ ಯಾರಿಗೆ ಪಾರ್ಸಲ್ಲು ಎಂದು ವಿಚಾರಿಸಿದರು. ಹೇಳಿದೆ. "ಅಕ್ಕಾರಿಗೆ ಇವತ್ತ ಸಕ್ರಿ ಹಾಕಂಗಿಲ್ರಿ. ಜೀರಗಿ, ಮೆಣಸ ಕುಟ್ಟಿ ಹಾಕಿ ಮನ್ಯಾಗ ಮಾಡಿದಂಗ ಮಾಡ್ತೀನಿ" ಎಂದು ನಿಂತು ಮಾಡಿಕೊಟ್ಟರು. ಅದರಲ್ಲಿ ಅಕ್ಕ ನಾಲ್ಕು ಗುಟುಕು ಕುಡಿದಳು. ನಾಲ್ಕೇ. ಅದೂ ಆ ಪುಣ್ಯಾತ್ಮ ನಿಂತು ಮಾಡಿದ ಎಂದು ನಾನು ಹೇಳಿದ್ದಕ್ಕೆ.

ಆ ಸಂಜೆ ನನಗೆ ಸಿಟ್ಟು ಬಂತು. ಒಳಲೆಯನ್ನು ತಟ್ಟೆಯ ಮೇಲೆ ಕುಕ್ಕಿ, "ಮೂಗಿನಾಗ ನಳಿಗಿ ಹಾಕಿಸ್ಕೊಳ್ಳೋದ ಖರೇ ಏನ?" ಎಂದೆ.

"ಹಾಕಲಿ."

"ಯಾಕ ಇಂಥಾ ಹಟ?"

"ಹಟ ಅಲ್ಲೋ. ಹೊಟ್ಟಿ ಕೇಳವಲ್ದು. ಅವರು ಹೋದಾಗಿಂದ ಕೇಳವಲ್ದು. ಆವಾಗ ಬಾಯಿ ಇತ್ತು, ಹಂಗಾಗಿ ಯಾರಿಗೂ ಗೊತ್ತಾಗಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಐದು ತಿಂಗಳಲ್ಲಿ ನಾನು ಎಷ್ಟು ಸಲ ಯಲಬುರ್ಗಾಕ್ಕೆ ಹೋಗಿದ್ದೆ, ಅವಳು ಬಡಿಸಿದ್ದನ್ನು ಎಷ್ಟು ಸಲ ಉಂಡು ಬಂದಿದ್ದೆ. ನೀನು ಉಂಡೆಯಾ ಎಂದು ಒಂದು ಸಲವೂ ಕೇಳಿರಲಿಲ್ಲ. ಒಳಲೆಯನ್ನು ಪಕ್ಕಕ್ಕೆ ಸರಿಸಿ, "ಹೊಟ್ಟಿ ಬಿಡು. ಬಾಯಿಗೆ ಏನ್ ಬೇಕು ಹೇಳು, ತರ್ತೀನಿ" ಎಂದೆ.

ಅವಳು ಯೋಚಿಸಲೇ ಇಲ್ಲ. "ಕಟ್ಟಿನ ಸಾರು" ಎಂದಳು. ಎಂದವಳೇ ತಾನೇ ಬೆಚ್ಚಿ, "ಬ್ಯಾಡ, ಬ್ಯಾಡ. ಅಂದೆ ಅಷ್ಟ" ಎಂದು ಗೋಡೆಯ ಕಡೆ ಹೊರಳಿದಳು.

ಬೇಡವೆಂದದ್ದು ಏಕೆಂದು ನನಗೂ ಗಿರಿಜಾಳಿಗೂ ಗೊತ್ತಿತ್ತು. ನಮ್ಮಲ್ಲಿ ಸಾವಾದ ಮನೆಯವರು ವರ್ಷ ತುಂಬುವ ತನಕ ಹೋಳಿಗೆ ಮಾಡುವಂತಿಲ್ಲ. ಕೆಲವರು ಮಂದಿಯ ಮನೆಯದನ್ನು ತಿನ್ನುತ್ತಾರೆ, ಅಕ್ಕ ಅದನ್ನೂ ಬಿಟ್ಟಿದ್ದಳು. ಬೆಲ್ಲವನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ನಮ್ಮ ಮನೆಗೆ ಸೂತಕವಿಲ್ಲವಲ್ಲ, ನಾನು ಹೋಳಿಗೆ ಮಾಡುತ್ತೇನೆ, ನೀವು ಬರೀ ಸಾರು ಕುಡಿಯಿರಿ ಎಂದು ಗಿರಿಜಾ ಹೋಗಿ ಹೇಳಿದಳು. ಒಳಗಿನಿಂದ ಹಲ್ಲು ಕಚ್ಚಿದ ದನಿ ನನಗೂ ಕೇಳಿಸಿತು. "ನಾ ಇರೋ ಮನ್ಯಾಗ ಹೋಳಿಗಿ ಹೆಂಚ ಇಟ್ರ, ನಾ ಇವತ್ತ ಯಲಬುರ್ಗಾದ ಬಸ್ ಹತ್ತತೀನಿ."

ಹೋಳಿಗೆ ಇಲ್ಲ. ಹೋಳಿಗೆ ಇಲ್ಲದಿದ್ದರೆ ಕಟ್ಟಿಲ್ಲ. ರಾತ್ರಿಯೆಲ್ಲ ಇದನ್ನೇ ತಿರುಗಿಸಿ ಮುರುಗಿಸಿ ನೋಡಿ ಬೆಳಿಗ್ಗೆ ಎದ್ದವನಿಗೆ, ಬೇಳೆ ಬೇಯಿಸಿದರೆ ನೀರು ಬರುತ್ತದೆ, ಆ ಬೇಳೆಯಿಂದ ಹೋಳಿಗೆ ಮಾಡಲೇಬೇಕೆಂದು ಅದಕ್ಕೇನು ಗೊತ್ತು ಎನ್ನಿಸಿತು. ಇಷ್ಟು ಸಣ್ಣ ವಿಷಯ ಹೊಳೆಯಲು ಐವತ್ತಾರು ವರ್ಷ ಬೇಕಾಯಿತು.

ಗಿರಿಜಾಳಿಗೆ ಹೇಳಿದೆ. "ಹೋಳಿಗಿ ಇಲ್ಲದ ಕಟ್ಟ? ಮದುವಿ ಇಲ್ಲದ ಬೀಗರಿದ್ದಂಗಾತು" ಎಂದಳು. "ನಾ ಕೈ ಹಚ್ಚಂಗಿಲ್ರಿ. ನಾಳೆ ಅಕ್ಕಾರು ನನಗಂತಾರ. ಬೇಕಾದ್ರ ನೀವ ಮಾಡ್ರಿ."

ಮಾಡಿದೆ. ಕಡಲೆಬೇಳೆ ತೊಳೆದು ಕುಕ್ಕರಿಗೆ ಹಾಕಿ ಆರು ಸೀಟಿ ಹೊಡೆಸಿದೆ. ಮುಚ್ಚಳ ತೆಗೆದರೆ ಬೇಳೆಯೂ ಇಲ್ಲ, ನೀರೂ ಇಲ್ಲ, ಹಳದಿ ಕೆಸರು. ಅದನ್ನು ಸೋಸಲು ಜರಡಿಗೆ ಸುರಿದೆ, ಜರಡಿ ಕಟ್ಟಿಕೊಂಡಿತು. ಬಟ್ಟೆಗೆ ಸುರಿದು ಹಿಂಡಿದೆ, ಮುಖಕ್ಕೆ ಸಿಡಿಯಿತು. ಗಿರಿಜಾ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೈ ಹಚ್ಚುವುದಿಲ್ಲ ಎಂದಿದ್ದಳೇ ಹೊರತು ಬಾಯಿ ಹಚ್ಚುವುದಿಲ್ಲ ಎಂದಿರಲಿಲ್ಲ. "ಕಟ್ಟ ಬೇಕಂದ್ರ ಬೋಗುಣ್ಯಾಗ ಕುದಿಸಬೇಕ್ರಿ, ಕುಕ್ಕರನ್ಯಾಗಲ್ಲ. ನೀರ ದಂಡಿಗಟ್ಟಲೆ ಇರಬೇಕು. ಬ್ಯಾಳಿ ಬೆರಳಿಂದ ಹಿಚಕಿದ್ರ ಹಿಟ್ಟಾಗಬೇಕು, ತಾನಾಗೇ ಒಡೀಬಾರದು" ಎಂದು ಅಲ್ಲಿಂದಲೇ ಪಾಠ ಹೇಳಿದಳು.

ಎರಡನೆಯ ಸಲ ಬೋಗುಣಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಅಂಗಡಿ ತೆಗೆಯಲಿಲ್ಲ. ಎರಡು ನಿಮಿಷಕ್ಕೊಮ್ಮೆ ಒಂದು ಬೇಳೆ ಹಿಚುಕಿ ಬೆರಳು ಸುಟ್ಟುಕೊಂಡೆ. ಕಡೆಗೆ ಬಸಿದಾಗ ಬಂಗಾರದ ಬಣ್ಣದ ತಿಳಿ ಕಟ್ಟು ಇಳಿಯಿತು. ಆ ಸಂತೋಷಕ್ಕೆ ನಾನು ಒಬ್ಬನೇ ಜೋರಾಗಿ ನಕ್ಕೆ. ಉಳ್ಳಾಗಡ್ಡಿ ಸುಟ್ಟು, ಕೊಬ್ಬರಿ ಹುರಿದು, ಗಿರಿಜಾ ಬೆರಳು ತೋರಿಸಿದ ಡಬ್ಬಿಗಳಿಂದ ಅವಳು ಹೇಳಿದಷ್ಟು ತೆಗೆದು ರುಬ್ಬಿದೆ. ಹುಳಿ ಹಿಂಡಿ, ಕುದಿಸಿ, ಒಗ್ಗರಣೆ ಕೊಟ್ಟು, ತೆಳು ಬಟ್ಟೆಯಲ್ಲಿ ಸೋಸಿದೆ. ಬೆಲ್ಲದ ಡಬ್ಬಿಯನ್ನು ಮುಟ್ಟಲಿಲ್ಲ. ಮನೆಯೆಲ್ಲ ಹಬ್ಬದ ವಾಸನೆ.

ವಾಸನೆಗೆ ಅಕ್ಕ ಎದ್ದು ಕೂತಿದ್ದಳು, ಕಣ್ಣು ಕೆಂಪಗೆ ಮಾಡಿಕೊಂಡು. ನಾನು ಬಟ್ಟಲು ಮುಂದಿಟ್ಟು ವಕೀಲರ ಹಾಗೆ ಶುರು ಮಾಡಿದೆ. "ಸಿಟ್ಟಾಗಬ್ಯಾಡ, ಮೊದಲ ಕೇಳು. ಹೋಳಿಗಿ ಮಾಡಿಲ್ಲ. ಹೂರಣ ರುಬ್ಬಿಲ್ಲ. ಬೆಲ್ಲ ಹಾಕಿಲ್ಲ. ಬರೇ ಬ್ಯಾಳಿ ಕುದಿಸಿ ಬಸದೇನಿ. ನಿನ್ನ ನೇಮ ಒಂದೂ ಮುರದಿಲ್ಲ."

ಅವಳು ಬಟ್ಟಲನ್ನೇ ನೋಡಿದಳು. "ಹೋಳಿಗಿ ಮಾಡಲಾರದ ಕಟ್ಟ ಬಸದಿ?"

"ಹೂಂ."

"ಹಂಗ ಬಸ್ಯಾಕ ಬರತೈತಿ?"

"ಬಂತಲ್ಲ, ಕುಡದ ನೋಡು."

ಒಳಲೆಯಿಂದ ಒಂದು ಗುಟುಕು ಬಿಟ್ಟೆ. ನುಂಗಿದಳು. ಇನ್ನೊಂದು ಬಿಡಲು ಹೋದರೆ ಕೈ ಅಡ್ಡ ಹಿಡಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಖಾರ ಹೆಚ್ಚಾಯಿತೇನೋ ಎಂದುಕೊಂಡೆ, ನನ್ನ ಬುದ್ಧಿ ಅಷ್ಟೇ.

"ಕಡೀ ವಾರದಾಗ ನಿಮ್ಮ ಭಾವ ಇದನ್ನ ಕೇಳಿದ್ರು" ಎಂದಳು. "ಏನೂ ಸೇರ್ತಿದ್ದಿಲ್ಲ ಅವರಿಗೆ. ನೀಲಾ, ಒಂದೀಟು ಕಟ್ಟಿನ ಸಾರ್ ಮಾಡು, ಕುಡೀತೀನಿ ಅಂದ್ರು. ನಾ ಏನಂದೆ ಗೊತ್ತೇನು? ಹಬ್ಬ ಇಲ್ಲ, ಹೋಳಿಗಿ ಇಲ್ಲ, ಕಟ್ಟ ಎಲ್ಲಿಂದ ತರ್ಲಿ, ಯುಗಾದಿ ಬರ್ಲಿ ತಡೀರಿ ಅಂದೆ. ಅವರೂ ಹೌದ ಹೌದ ಅಂದ್ರು." ಬಿಗಿದ ಹಲ್ಲುಗಳ ನಡುವೆ ಅಳು ಹೊರಬರಲಾರದೆ ಅವಳ ಇಡೀ ಮೈ ನಡುಗುತ್ತಿತ್ತು. "ಬರೇ ಬ್ಯಾಳಿ ಕುದಿಸಿ ಬಸದಿದ್ರ ಆಗತಿತ್ತಲ್ಲೋ, ತಮ್ಮಾ. ಇಷ್ಟ ಆಗತಿತ್ತಲ್ಲೋ."

ಬೆಳಗಿನಿಂದ ಎಷ್ಟು ಬೀಗಿದ್ದೆನೋ ಅಷ್ಟೂ ನಾಚಿಕೆಯಾಗಿ ತಿರುಗಿ ಬಂತು. ಅವಳ ಹೊಟ್ಟೆಗೆ ಏನಾದರೂ ಹೋಗಲೆಂದು ಹಟ ಹಿಡಿದು, ಅವಳು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ ಗಾಯದ ಮೇಲೇ ಬಿಸಿ ಸುರಿದಿದ್ದೆ. ಇದನ್ನು ಅವಳ ಕಣ್ಣ ಮುಂದಿಂದ ಒಯ್ದುಬಿಡೋಣ, ನಳಿಕೆಯಾದರೂ ಸರಿ ಎನ್ನಿಸಿ ಬಟ್ಟಲಿಗೆ ಕೈ ಹಾಕಿದೆ. ಅಕ್ಕ ಅದರ ಅಂಚು ಹಿಡಿದುಕೊಂಡಳು. ಎರಡು ವಾರದಿಂದ ಉಣ್ಣದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಇರಲಿ ಬಿಡು" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಗಿರಿಜಾ, ಬಸದ ಬ್ಯಾಳಿ ಒಂದ ಹಿಡಿ ತಾ. ಬೆಲ್ಲದ ಡಬ್ಬಿನೂ ತಾ" ಎಂದಳು.

ಗಿರಿಜಾ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. "ಅಕ್ಕಾರ, ವರ್ಷ ಇನ್ನೂ ತುಂಬಿಲ್ರಿ."

"ವರ್ಷ ನನಗ ಐತಿ, ಅವರಿಗೇನೈತಿ? ಬೆಲ್ಲ ಇಲ್ಲದ ಕಟ್ಟಿನ ಸಾರ್ ಅವರು ಬಾಯಾಗ ಹಾಕ್ತಿದ್ದಿಲ್ಲ."

ಬೇಳೆ ಮತ್ತು ಬೆಲ್ಲವನ್ನು ಅಂಗೈಯಲ್ಲೇ ಇಟ್ಟುಕೊಂಡು ಹೆಬ್ಬೆರಳಿನಿಂದ ಹಿಸುಕಿದಳು, ನುಣ್ಣಗಾಗುವ ತನಕ, ಅವಸರವಿಲ್ಲದೆ. ಆ ಉಂಡೆಯನ್ನು ಸಾರಿಗೆ ಬಿಟ್ಟು ಕದಡಿದಳು. ಗಿರಿಜಾ ಮತ್ತೊಮ್ಮೆ ಬಿಸಿ ಮಾಡಿ ಸೋಸಿ ತಂದಳು. ನಾನು ಒಳಲೆ ಎತ್ತಿಕೊಂಡರೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕೆನ್ನೆಗೆ ಇಟ್ಟುಕೊಂಡಳು. ಒಂದೊಂದೇ ಗುಟುಕು. ತುಂಬ ಹೊತ್ತು ಹಿಡಿಯಿತು. ಬಟ್ಟಲಿನ ತಳ ಕಂಡ ಮೇಲೆ ಅಕ್ಕ ಅದನ್ನು ನನ್ನ ಕಡೆ ಚಾಚಿದಳು.

"ಇದು ಅವರ ಪಾಲಿಂದಾತು" ಎಂದಳು. "ಈಗ ನಂದು ಹಾಕು."